ಮೆಲ್ಲಗೆ ಕೂಗಿದ ಒಂದು ಹೆಸರು

ಗಂಟಲು ಮುಕ್ಕಳಿಸುವ ಉಪ್ಪುನೀರು ಉಗುರುಬೆಚ್ಚಗಿರಬೇಕೇ, ತುಸು ಬಿಸಿಯೇ ಇರಬೇಕೇ ಎಂಬುದು ನ್ಯಾಯದಾನದ ಗಹನ ಪ್ರಶ್ನೆಗಳಲ್ಲೊಂದು. ಬೆಳಕು ಹರಿಯುವ ಹೊತ್ತಿಗೆ ನ್ಯಾಯಾಲಯದ ಹಿಂದಿನ ನಲ್ಲಿಯ ಬಳಿ, ಫ್ಲಾಸ್ಕು ಹಿಡಿದು, ಆಕಾಶ ನೋಡುತ್ತ ಗಳಗಳ ಸದ್ದು ಮಾಡುತ್ತಿರುವ ಕೂಗಣ್ಣನ ತೀರ್ಪು: ಉಗುರುಬೆಚ್ಚಗೆ.

ಇಡೀ ಕಟ್ಟಡ ಅವರನ್ನು ಕರೆಯುವುದೇ ಹಾಗೆ. ಇಪ್ಪತ್ತಾರು ವರ್ಷಗಳಿಂದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ದಿನಕ್ಕೆ ಎಪ್ಪತ್ತು ಹೆಸರು, ಒಂದೊಂದೂ ಮೂರು ಸಲ. ಸಂಜೆಗೆ ಮೊಣಕಾಲು ಊದಿರುತ್ತದೆ. "ಮೊದಲನೇದು ಮರ್ಯಾದೆಗೆ, ಎರಡನೇದು ಕಿವುಡರಿಗೆ, ಮೂರನೇದು ಕ್ಯಾಂಟೀನಿಗೆ" ಎನ್ನುತ್ತಾರೆ. ಮೂರಕ್ಕೂ ಓಗೊಡದ ಆರೋಪಿ ಗೈರುಹಾಜರು. ಅವನ ಮೇಲೆ ವಾರಂಟು.

ಅವರ ಅಳಿಯ ಲಿಫ್ಟ್ ರಿಪೇರಿ ಕಂಪನಿಯೊಂದರ ನಿರ್ದೇಶಕ. ಮಗಳ ಮದುವೆಯಾದಂದಿನಿಂದ "ನಮ್ಮ ಅಳಿಯಂದ್ರು ಡೈರೆಕ್ಟ್ರು" ಎಂಬ ಮಾತು ಟೈಪಿಸ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಕಳೆದ ತಿಂಗಳು ದಿನದ ಪಟ್ಟಿಯಲ್ಲಿ ಆ ಡೈರೆಕ್ಟರ ಹೆಸರೇ ಬಂತು: ಕಂಪನಿಯ ತೆರಿಗೆ ರಿಟರ್ನ್ ಮೂರು ವರ್ಷ ಸಲ್ಲಿಸದ ಆರೋಪ. "ನೋಟಿಸ್ ಬಂದಿತ್ತು ಮಾವ, ಡ್ರಾಯರಲ್ಲಿಟ್ಟು ಮರೆತೆ" ಎಂದು ತಲೆ ಕೆರೆದುಕೊಂಡು ಅಳಿಯ ಮೆಟ್ಟಿಲ ಬಳಿ ಕಾಯತೊಡಗಿದ. ಕೂಗಿದಾಗ ಬಂದರಾಯಿತು ಎಂದು ಹೇಳಿ ಅವನ ವಕೀಲರು ಬೇರೆ ಕೋರ್ಟಿಗೆ ಹೋಗಿದ್ದರು.

ಪಡಸಾಲೆಯ ತುಂಬ ಪರಿಚಿತ ಮುಖಗಳು. ಕೂಗಣ್ಣ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಕೂಗಿದರು.

"ಮೂರು ಸಲ ಕೂಗಿದೆ, ಅದರಲ್ಲಿ ತಪ್ಪಿಲ್ಲ. ನನ್ನ ಮೀಸೆಗೆ ಮಾತ್ರ ಕೇಳಿಸ್ತು" ಎನ್ನುತ್ತಾರೆ ಈಗ.

ನಾಲ್ಕನೆಯ ದಿನ ಪೊಲೀಸರು ವಾರಂಟು ಹಿಡಿದು ಬಂದು ಅಳಿಯನನ್ನು ಕೆಲಸಗಾರರ ಎದುರೇ ಕರೆದೊಯ್ದರು. ಮಗಳು ತವರಿಗೆ ಬಂದು ಹೊಸ್ತಿಲಾಚೆಯೇ ನಿಂತಳು.

"ಅವರು ಅಲ್ಲೇ ಇದ್ರಂತೆ. ನೀನು ಕೂಗ್ಲೇ ಇಲ್ವಂತೆ."

"ಕೂಗಿದೆ ಕಣಮ್ಮ."

"ಯಾರಿಗೆ ಕೇಳೋ ಹಾಗೆ, ಅಪ್ಪ?"

ಆ ಪ್ರಶ್ನೆಯನ್ನು ನಮಗೆ ಹೇಳುವಾಗಲೂ ಅವರು ನೆಲ ನೋಡುತ್ತಾರೆ.

ಜಾಮೀನು ಅರ್ಜಿಯ ದಿನ ಸರ್ಕಾರಿ ವಕೀಲರ ಬಳಿ ಇದ್ದ ಗಟ್ಟಿ ವಾದ ಒಂದೇ: ಮೂರು ಸಲ ಕೂಗಿದರೂ ಬಾರದವನು, ಬಿಟ್ಟರೆ ಬರುತ್ತಾನೆಯೇ? ಬಾಗಿಲಲ್ಲಿದ್ದ ಕೂಗಣ್ಣ ಒಳಗೆ ಬಂದು ಕೈಮುಗಿದರು.

"ಇನ್ನೂ ಮುಂದಿನ ಕೇಸು ಕರೆದಿಲ್ಲವಲ್ಲ" ಎಂದರು ನ್ಯಾಯಾಧೀಶರು.

"ಅದಕ್ಕಲ್ಲ ಸ್ವಾಮಿ. ಅವತ್ತು ಅವರು ಹೊರಗೇ ಇದ್ದರು. ನನ್ನ ಅಳಿಯಂದ್ರು. ನಾಚಿಕೆಯಾಗಿ ಮೆಲ್ಲಗೆ ಕೂಗಿಬಿಟ್ಟೆ."

"ಎಷ್ಟು ಮೆಲ್ಲಗೆ? ಕೂಗಿ ತೋರಿಸಿ."

ಕೂಗಣ್ಣ ಕೂಗಿದರು. ಎರಡು ಮಾರು ದೂರದ ಶೀಘ್ರಲಿಪಿಗಾರ್ತಿ ತಲೆಯೆತ್ತಿ, "ಏನಂದ್ರಿ?" ಎಂದರು. ಯಾರೋ ಕಿಸಕ್ಕೆಂದರು. ಕಟಕಟೆಯಲ್ಲಿದ್ದ ಅಳಿಯ ಮಾತ್ರ ಮಾವನ ಮುಖ ನೋಡಲಾಗದೆ ಗೋಡೆ ನೋಡಿದ.

"ಜೀವಮಾನವಿಡೀ ಊರವರ ಹೆಸರನ್ನ ಬೀದಿಗೆ ಕೇಳೋ ಹಾಗೆ ಕೂಗಿದವನು ನಾನು. ಅವರಿಗೂ ಮನೆ-ಮಕ್ಕಳಿದ್ದರಲ್ವಾ? ಅವತ್ತೇ ಹೊಳೆದದ್ದು ನೋಡಿ" ಎನ್ನುತ್ತಾರೆ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. ಅಂದಿನಿಂದ ಮಾತು ಬಿಟ್ಟಿರುವ ಮಗಳು ಮತ್ತೆ ಒಂದು ಸಲ 'ಅಪ್ಪ' ಎಂದರೆ ಸಾಕು, ಬೇರೆ ಆಸೆಯಿಲ್ಲವಂತೆ.

ಒಂದು ತಿಂಗಳೊಳಗೆ ಮೂರೂ ರಿಟರ್ನ್ ಸಲ್ಲಿಸಬೇಕೆಂಬ ಷರತ್ತಿನ ಮೇಲೆ ಅಳಿಯನಿಗೆ ಜಾಮೀನು ಸಿಕ್ಕಿದೆ. ಕೂಗಣ್ಣನಿಗೆ ಎಚ್ಚರಿಕೆ ಪತ್ರ ಸಿಕ್ಕಿದೆ. ಮಗಳು ಇನ್ನೂ ಮಾತಾಡಿಲ್ಲ.