ಬೂಟಿನ ಕೋಣೆಯಲ್ಲಿ ವಾಟಿ

ನಾನು ಐಸಾ. ಬ್ಲೇರ್‌ಕ್ರೇಗ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಆಟಗಾರರ ಜೆರ್ಸಿ ಒಗೆದವಳು. ಯಾವ ಬೆವರು ಯಾರದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ.

ಗಣಿ ಕೆಲಸದವನ ಮಗ ವಾಟಿ ಗೆಡೆಸ್ ಹದಿನೆಂಟಕ್ಕೇ ಗ್ಲಾಸ್ಗೋದ ದೊಡ್ಡ ಕ್ಲಬ್ಬು ಸೇರಿದ್ದ. ಮೊದಲ ಪಂದ್ಯ ನೋಡಲು ಅವನಮ್ಮ ಎರಡು ಬಸ್ಸು ಹತ್ತಿ ಬಂದು ಕೂತಿದ್ದಳು. ಆ ದಿನದ ತಂಡದಿಂದ ತನ್ನನ್ನು ಕೈಬಿಟ್ಟದ್ದು ಅವನಿಗೆ ಗೋಡೆಗೆ ಅಂಟಿಸಿದ ಪಟ್ಟಿ ನೋಡಿದಾಗಲೇ ತಿಳಿದದ್ದು. ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಎರಡೇ ವರ್ಷಕ್ಕೆ ನಮ್ಮೂರಿಗೆ ವಾಪಸಾದ. ಒಂಬತ್ತನೇ ನಂಬರು ತೊಟ್ಟು ಗೋಲು ಹೊಡೆದದ್ದೇ ಹೊಡೆದದ್ದು. ಮೂವತ್ತಮೂರಕ್ಕೆ ಕೋಚ್ ಆದ, ಮರುವರ್ಷ ತಂಡ ಆರಿಸುವ ಮ್ಯಾನೇಜರ್. ಆಟ ಮಾತ್ರ ಬಿಡಲಿಲ್ಲ.

ಅಲ್ಲಿಂದ ಅವನು ಒಂಟಿಯಾದ. ನಿನ್ನೆಯವರೆಗೆ "ಲೇ ವಾಟಿ" ಎನ್ನುತ್ತಿದ್ದವರು "ಬಾಸ್" ಎನ್ನತೊಡಗಿದರು. ಅವನು ಕಾಲಿಟ್ಟರೆ ನಗು ನಿಲ್ಲುತ್ತಿತ್ತು. ಊಟಕ್ಕೆ ತಂದ ಮಟನ್ ಪೈ ಹಿಡಿದುಕೊಂಡು ನನ್ನ ಒಗೆಯುವ ಕೋಣೆಗೇ ಬರುತ್ತಿದ್ದ.

"ಯಾಕೋ, ಅವರು ಸೇರಿಸ್ಕೊಳ್ಳಲ್ವಾ?"

"ನಾನಲ್ಲಿದ್ರೆ ನನ್ನನ್ನ ಬೈಯೋಕಾಗಲ್ವಲ್ಲ ಐಸಾ, ಪಾಪ!"

ಅವನದೊಂದು ನಿಯಮವಿತ್ತು. ತಂಡದಿಂದ ಬಿಟ್ಟವನನ್ನು ಬೂಟುಗಳನ್ನಿಡುವ ಕೋಣೆಗೆ ಕರೆದು, ಕೂರಿಸಿ, ಮುಖ ನೋಡಿಯೇ ಹೇಳುತ್ತಿದ್ದ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ಜೊತೆಗೆ ನಿಲ್ಲುತ್ತಿದ್ದ.

ವಾಟಿಗೆ ಮೂವತ್ತಾರಾದಾಗ ಕಪ್ ಪಂದ್ಯಕ್ಕೆ ಅದೇ ಗ್ಲಾಸ್ಗೋ ಕ್ಲಬ್ಬು ನಮ್ಮ ಮೈದಾನಕ್ಕೆ ಬಂತು. ಹದಿನೆಂಟು ವರ್ಷ ಅವನು ಕಾದದ್ದು ಈ ಒಂದು ದಿನಕ್ಕೆ. ಹಾಳಾದ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಅವನಮ್ಮ ಹೊಸ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಪಂದ್ಯಕ್ಕೆ ಇನ್ನೊಂದು ಗಂಟೆ ಇರುವಾಗ ತಂಡದಿಂದ ಬಿಟ್ಟ ಇಬ್ಬರನ್ನು ಒಬ್ಬೊಬ್ಬರಾಗಿ ಬೂಟಿನ ಕೋಣೆಗೆ ಕರೆದು ಹೇಳಿ ಕಳಿಸಿದ. ಮೂರನೆಯ ಸಲ ತಾನೊಬ್ಬನೇ ಒಳಹೋಗಿ ಬಾಗಿಲು ಮುಚ್ಚಿಕೊಂಡ. ಇಸ್ತ್ರಿ ಮಾಡಿದ ಒಂಬತ್ತನೇ ಜೆರ್ಸಿ ಹಿಡಿದು ನಾನು ಹೊರಗೆ ನಿಂತಿದ್ದೆ.

"ಕೂತ್ಕೋ ವಾಟಿ." ಅವನದೇ ದನಿ. "ಇವತ್ತು ನೀನು ಆಡ್ತಿಲ್ಲ ಕಣೋ. ಆ ಮಂಡೀಲಿ ಆಗಲ್ಲ. ಹುಡುಗ್ರಿಗೆ ಅನ್ಯಾಯ ಮಾಡ್ದಂಗಾಗುತ್ತೆ."

ಒಳಗೆ ಬೆಂಚು ಕಿರುಗುಟ್ಟಿತು.

"ಅಮ್ಮ ಬಂದಿದಾಳಲ್ಲ, ಬಾಸ್." ಅದೂ ಅವನದೇ ದನಿ.

ಅವನು ಹೊರಬಂದು "ಇದನ್ನ ರೋರಿಗೆ ಕೊಡು, ನನ್ ಜಾಗದಲ್ಲಿ ಅವ್ನು ಆಡ್ಲಿ" ಎಂದಷ್ಟೇ ಹೇಳಿ, ಅಮ್ಮನಿಗೆ ತಿಳಿಸಲು ಕುಂಟುತ್ತ ಹೋದ.

ಮೂರು ಗೋಲಿನಿಂದ ಸೋತೆವು. ವಾಟಿ ಆಮೇಲೆ ಹತ್ತೊಂಬತ್ತು ವರ್ಷ ಮ್ಯಾನೇಜರಾಗಿದ್ದ, ಮತ್ತೆ ಆಡಲಿಲ್ಲ. ಈಗ ಅವನಿಲ್ಲ. ಆ ಬೂಟಿನ ಕೋಣೆಯ ಬಾಗಿಲಿಗೆ ಚಿಲಕವೇ ಇರಲಿಲ್ಲ. ಆ ದಿನ ಅವನ ಹೆಗಲ ಮೇಲೊಂದು ಕೈಯಿಡಲು ನಾನಾದರೂ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.