ಕೆಳಗಿಳಿದ ಸೈಲೆನ್ಸರ್

ನಾನು ನಿಂತಿದ್ದದ್ದು ಜಡಿಗೇನಹಳ್ಳಿಯಿಂದ ಹೊಸಕೋಟೆಗೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ ಸಿಗುವ ಮೋರಿಯ ಪಕ್ಕದಲ್ಲಿ. ಎಪ್ಪತ್ತರ ದಶಕದ ನಡುಭಾಗ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಹನ್ನೊಂದು ಗಂಟೆಯ ಬಸ್ಸು ಇನ್ನೂ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಅಂದು ನಡೆದದ್ದನ್ನು ಕಂಡವರಿಗಿಂತ ಕಾಣದವರೇ ಹೆಚ್ಚು ಸೊಗಸಾಗಿ ವರ್ಣಿಸುತ್ತಾರೆ. ನನಗೆ ಆ ಸೊಗಸು ಒಲಿದಿಲ್ಲ, ಕಂಡಷ್ಟನ್ನು ಮಾತ್ರ ಬರೆಯಬಲ್ಲೆ. ವಿಷಯವೂ ಅಲ್ಪವೇ: ಮೋಟಾರ್ ಸೈಕಲ್ಲಿನ ಸೈಲೆನ್ಸರ್ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದು.

ಆ ಮೋಟಾರ್ ಸೈಕಲ್ಲು ನಮ್ಮ ಹೋಬಳಿಯ ದನದ ಡಾಕ್ಟರು ನಂಜುಂಡಯ್ಯನವರದು. ಹೈನುಗಾರಿಕೆ ಕಲಿಸಲು ಬಂದಿದ್ದ ಬಿಳಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಅದನ್ನು ಇವರಿಗೆ ಬಿಟ್ಟುಹೋಗಿದ್ದರು. ಗಾತ್ರದಲ್ಲಿ ಕರುವಿನಂಥ ಬಂಡಿ. ಆದರೆ ಹಳ್ಳ, ಬದು, ಉತ್ತ ಹೊಲ ಯಾವುದಕ್ಕೂ ಅಂಜದು. ಫೋರ್ ಸ್ಟ್ರೋಕ್ ಎಂಜಿನ್ನು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಿರಲಿಲ್ಲ. ಹಾಗಾಗಿ ನಮ್ಮ ಕಡೆಯ ಉಳಿದ ಬಂಡಿಗಳಂತೆ ಅದು ನೀಲಿ ಹೊಗೆ ಬಿಡುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದರ ಸೈಲೆನ್ಸರ್ ಮಾತ್ರ ವಿಚಿತ್ರ ಜಾಗದಲ್ಲಿತ್ತು. ಎಂಜಿನ್ನಿನಿಂದ ಹೊರಟ ಕೊಳವೆ ಮೇಲಕ್ಕೇರಿ, ಹಿಂದೆ ಕುಳಿತವರ ಮೊಣಕಾಲಿನ ಮಟ್ಟದಲ್ಲಿ ಸಾಗುತ್ತಿತ್ತು. ಡಾಕ್ಟರನ್ನು ಕರೆಯಲು ಬರುವ ರೈತರು ಅದೇ ಬಂಡಿಯ ಹಿಂದೆ ಕುಳಿತು ಊರಿಗೆ ಮರಳುತ್ತಿದ್ದರು, ಎಲ್ಲರೂ ಪಂಚೆಯವರು. ಒಂದು ಹಸು ಗುಣವಾಗುವಷ್ಟರಲ್ಲಿ ಒಂದು ಪಂಚೆ ಸುಟ್ಟಿರುತ್ತಿತ್ತು. ಪ್ಯಾಂಟು ತೊಡುವ ಮೇಷ್ಟ್ರಾದ ನಾನು ಈ ಆಪತ್ತಿಗೆ ಹೊರಗೆಂದು ಬೀಗುತ್ತಿದ್ದೆ. ಒಮ್ಮೆ ಹಿಂದೆ ಕುಳಿತು ಹೋಗಿ, ಮೀನಖಂಡದ ಮೇಲೆ ಬಾಳೆಕಾಯಿಯಷ್ಟುದ್ದದ ಗುರುತು ಪಡೆದುಬಂದೆ. ಬೀಗುವುದು ಅಂದಿಗೆ ನಿಂತಿತು, ಗುರುತು ಇಂದಿಗೂ ಇದೆ.

ಆ ಸೈಲೆನ್ಸರು ತುಕ್ಕು ಹಿಡಿದು ತೂತಾದಾಗ ಅಂಥದ್ದೇ ಇನ್ನೊಂದು ಬೆಂಗಳೂರಿನಲ್ಲೂ ಸಿಗಲಿಲ್ಲ. ಹೊಸಕೋಟೆಯ ವೆಲ್ಡಿಂಗ್ ಅಂಗಡಿಯ ಬಾಷಾ ಹೊಸದನ್ನು ತಾನೇ ಮಾಡಿಕೊಡಲು ಒಪ್ಪಿದ. ಬೇರೆ ಬಂಡಿಯೊಂದರ ಹಳೆಯ ಸೈಲೆನ್ಸರು, ಅದಕ್ಕೊಂದು ಬಾಗಿದ ಕೊಳವೆ, ಎಂಜಿನ್ನಿಗೆ ಸೇರುವ ಕಡೆ ತಾಮ್ರದ ಬಳೆ. ಅಳೆದು, ಕೊಯ್ದು, ಬೆಸೆದು, ಅಂಗಡಿಯ ಜಗುಲಿಯ ಮೇಲೆ ಕುಳಿತಿದ್ದ ಡಾಕ್ಟರ ಮತ್ತು ನನ್ನ ಕಾಲುಗಳನ್ನೊಮ್ಮೆ ನೋಡಿ ಅವನೆಂದ: "ಕೆಳಗೆ ಹಾಕ್ಬಿಡ್ತೀನಿ ಸಾರ್. ಇನ್ಮೇಲೆ ಯಾರ ಕಾಲೂ ಸುಡಲ್ಲ."

ನನಗೂ ಅದು ನ್ಯಾಯವಾಗಿಯೇ ಕಂಡಿತು. ಹಾಗೆ ಸೈಲೆನ್ಸರು ಕಾಲಿಡುವ ಕಡ್ಡಿಯ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಬಂದು ಕೂತಿತು. ಒಳಗೆ ಸದ್ದಡಗಿಸುವ ತಟ್ಟೆಗಳನ್ನು ಬಾಷಾ ಹಾಕಿರಲಿಲ್ಲ. ಬಂಡಿಯ ಸದ್ದು ಎರಡು ಊರಾಚೆಗೂ ಕೇಳಿಸತೊಡಗಿತು. ಡಾಕ್ಟರಿಗೆ ಅದೂ ಒಂದು ಅನುಕೂಲವೇ: ತಾವು ತಲುಪುವ ಮೊದಲೇ ಜನ ದನ ಕಟ್ಟಿ, ಬಿಸಿನೀರಿಟ್ಟು ಕಾದಿರುತ್ತಾರೆ ಎಂದು ಹಿಗ್ಗಿದರು.

ಇನ್ನು ಹುರುಳಿ. ನಮ್ಮ ಕಡೆ ಕಟಾವಾದ ಹುರುಳಿಯನ್ನು ಬಳ್ಳಿಸಮೇತ ಟಾರು ರಸ್ತೆಯ ಮೇಲೆ ಹರಡುವ ರೂಢಿಯನ್ನು ನೀವೂ ನೋಡಿರಬಹುದು. ಬಸ್ಸು, ಲಾರಿಗಳೇ ಅದನ್ನು ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಅಂದು ಮೋರಿಯ ಸನಿಹದಿಂದ ಹೊಂಗೆಮರದವರೆಗೆ ರಸ್ತೆಯ ಅಗಲಕ್ಕೂ ಹರಡಿದ್ದದ್ದು ಅಕ್ಕಯ್ಯಮ್ಮನ ಹುರುಳಿ. ಆಕೆ ಗಂಡನಿಲ್ಲದ ಹೆಂಗಸು; ಕಾಳು ಮನೆಗೆ, ಹೊಟ್ಟು ಜೋಡಿ ಎತ್ತಿಗೆ, ವರ್ಷವಿಡೀ ಅದರಲ್ಲೇ ಸಾಗಬೇಕು. ಭಾನುವಾರವಾದ್ದರಿಂದ ಲಾರಿಗಳಿರಲಿಲ್ಲ. ಅಷ್ಟರಲ್ಲಿ ಊರ ಕಡೆಯಿಂದ ಡಾಕ್ಟರು ಬಂದರು. ಅಕ್ಕಯ್ಯಮ್ಮ ಕೈ ಅಡ್ಡ ಹಿಡಿದು, "ಡಾಕ್ಟ್ರಪ್ಪ, ಅಂಗೇ ಒಂದೆರಡು ಸುತ್ತು ಓಡಾಡ್ಬಿಡಿ. ಬಸ್ಸು ನಂಬ್ಕೊಂಡ್ರೆ ಹೊತ್ತು ಮುಳುಗ್ತದೆ" ಎಂದಳು. ಅವರು ನಕ್ಕು, ಒಣಬಳ್ಳಿಯ ಮೇಲೆ ಬಂಡಿ ಹರಿಸಿದರು.

ಒಮ್ಮೆ ಮೋರಿಯವರೆಗೆ ಬಂದು, ತಿರುಗಿ ಮರದ ಕಡೆಗೆ ಹೋದರು. ಮತ್ತೆ ನಮ್ಮತ್ತ ಬರುವಾಗ ಅವರ ಬಲಗಾಲಿನ ಕೆಳಗೆ ಹೊಗೆ ಕಂಡೆ. ನನ್ನ ಜೊತೆ ಬಸ್ಸಿಗೆ ಕಾದಿದ್ದ ಮುನಿಯಪ್ಪನೂ ಕಂಡ, ಆದರೆ ಮೋಟಾರ್ ಸೈಕಲ್ಲೆಂದ ಮೇಲೆ ಹೊಗೆ ಇರಲೇಬೇಕೆಂದು ಸುಮ್ಮನಿದ್ದ. ಈ ಬಂಡಿ ಹೊಗೆ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಬಳ್ಳಿ ಸೈಲೆನ್ಸರಿಗೆ ಸುತ್ತಿಕೊಂಡಿತ್ತು. ಹಗ್ಗ ಹೊಸೆದಂತೆ, ಸುತ್ತಿನ ಮೇಲೆ ಸುತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ವಾಷರು ಹೋಗಿ, ಸೈಕಲ್ ಟ್ಯೂಬಿನ ತುಂಡು ಕೂರಿಸಿದ್ದರೆಂಬುದೂ, ಅದು ಜಿನುಗುತ್ತಿತ್ತೆಂಬುದೂ ನನಗೆ ಗೊತ್ತಿತ್ತು.

ನಾನು ಕೂಗಿದೆ, ಮುನಿಯಪ್ಪನೂ ಕೂಗಿದ. ಬಾಷಾನ ಸೈಲೆನ್ಸರಿನ ಮುಂದೆ ನಮ್ಮ ಗಂಟಲು ಯಾವ ಲೆಕ್ಕ? ಎರಡೂ ಕೈಯೆತ್ತಿ, ನಿಲ್ಲಿಸಿ ಎಂದು ಬೀಸಿದೆವು. ತಮ್ಮ ಸೇವೆಯನ್ನು ಮೆಚ್ಚಿ ಬೀಸುತ್ತಿದ್ದೇವೆಂದು ತಿಳಿದು ಡಾಕ್ಟರೂ ಎಡಗೈ ಬೀಸಿದರು. ನಮ್ಮನ್ನು ತಲುಪುವ ಮೊದಲೇ ಬಳ್ಳಿಯ ನಡುವೆ ತಿರುಗಿಸಿಕೊಂಡು ಮರದ ಕಡೆಗೆ ಹೊರಟರು. ಅವರ ಕಾಲ ಬಳಿ ಆಗ ಹೊಗೆಯಲ್ಲ, ಉರಿ ಇತ್ತು. ನನ್ನ ಕೈ ಮೇಲೆತ್ತಿದ್ದಂತೆಯೇ ಉಳಿಯಿತು. ಆಗ ಹೊಳೆಯಿತು: ಅವರು ನಮ್ಮ ಮಾತು ಕೇಳಿ ಅಲ್ಲೇ ನಿಲ್ಲಿಸಿದ್ದರೆ, ಮಂಡಿಯುದ್ದದ ಒಣಬಳ್ಳಿಯ ನಡುವೆ ನಿಲ್ಲಿಸಿದಂತಾಗುತ್ತಿತ್ತು.

ಅಕ್ಕಯ್ಯಮ್ಮ ಕೂಗಲಿಲ್ಲ. ಮರದ ಕಡೆ ನಿಂತಿದ್ದ ಆಕೆ ಹುರುಳಿ ಮುಗಿಯುವಲ್ಲಿಂದ ಆಚೆಗೆ, ಬರಿಯ ಟಾರಿನ ಮೇಲೆ ಹತ್ತು ಮಾರು ನಡೆದು, ತಿರುಗಿ ನಿಂತು, ಬಲಗೈ ಮುಂದೆ ಚಾಚಿ, ಬಾ ಎಂದು ಕರೆದಳು. ಊಟಕ್ಕೆ ಕರೆಯುವಷ್ಟೇ ನಿಧಾನ. ಡಾಕ್ಟರು ಏನೋ ಕೇಳುವುದಿದೆಯೆಂದು ನೇರ ಆಕೆಯ ಬಳಿಗೆ ಹೋದರು. ಬರಿನೆಲ ಮುಟ್ಟಿದೊಡನೆ ಆಕೆ ಅವರ ತೋಳು ಹಿಡಿದು ಎಳೆದಳು, ಬಂಡಿ ಅತ್ತ ಬಿತ್ತು, ಅವರು ಇತ್ತ ಬಿದ್ದರು. ಮರದಡಿ ಇಟ್ಟಿದ್ದ ನೀರಿನ ಮಡಕೆಗೆ ಸುತ್ತಿದ್ದ ಒದ್ದೆ ಗೋಣಿಯನ್ನು ಬಿಚ್ಚಿ ತಂದ ಆಕೆಯ ಸೊಸೆ ಗೌರಮ್ಮ ಅದನ್ನು ಉರಿಯ ಮೇಲೆ ಹಾಸಿ, ಮೇಲೆ ಮಡಕೆಯ ನೀರನ್ನೂ ಸುರಿದಳು. ಟ್ಯಾಂಕಿಗೆ ಬೆಂಕಿ ತಾಕಲಿಲ್ಲ. ಹಿಂದೆ ಬಳ್ಳಿಯಲ್ಲಿ ಅಲ್ಲಲ್ಲಿ ಹತ್ತಿದ್ದ ಕಿಡಿಯನ್ನು ನಾವು ಹೊಂಗೆಸೊಪ್ಪಿನಿಂದ ಬಡಿದು ಆರಿಸಿದೆವು. ನಾಲ್ಕು ಕುಕ್ಕೆಯಷ್ಟು ಕರಕಾಯಿತು, ಉಳಿದದ್ದು ಉಳಿಯಿತು.

ಡಾಕ್ಟರು ಬೀಳುವಾಗ ಉರಿ ತಾಕಿ ಬೆಂದ ಪಾದವನ್ನು ಹಿಡಿದುಕೊಂಡು, ಪ್ರಾಣ ಉಳಿಸಿದಿರಿ ತಾಯಿ, ಎಂದು ಕೈಮುಗಿದರು. ಅಕ್ಕಯ್ಯಮ್ಮ ಕರಕಾದ ಜಾಗವನ್ನೇ ನೋಡುತ್ತಾ ಹೇಳಿದಳು: "ಪ್ರಾಣಗೀಣ ನಂಗೊತ್ತಿಲ್ಲ ಕಣಪ್ಪ. ಮೊದ್ಲು ನನ್ ಹುರುಳಿ ಮೇಲಿಂದ ಇಳೀಲಿ ಅಂತ ಕರ್ದೆ."

ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವರ ಪ್ರಾಣವನ್ನೇ ಎಣಿಸುತ್ತಿದ್ದ ನಾವು ಅವರನ್ನು ಬೆಂಕಿಯಲ್ಲೇ ನಿಲ್ಲಿಸಹೊರಟಿದ್ದೆವು. ಹುರುಳಿಯನ್ನು ಎಣಿಸಿದವಳು ಎರಡನ್ನೂ ಉಳಿಸಿದಳು. ಅಪಾಯದಲ್ಲಿರುವವರಿಗೆ ನಿಲ್ಲು ಎನ್ನುವುದು ಸುಲಭ. ಎಲ್ಲಿಗೆ ಬರಬೇಕೆಂದು ತೋರಿಸುವವರು ಅಲ್ಲಿಗೆ ಮೊದಲು ತಾವು ಹೋಗಿ ನಿಲ್ಲಬೇಕಾಗುತ್ತದೆ.

ಮರುವಾರವೇ ಬಾಷಾ ಸೈಲೆನ್ಸರನ್ನು ಮೇಲಕ್ಕೇರಿಸಿ, ಎಣ್ಣೆಡಬ್ಬದ ತಗಡಿನಿಂದ ಅದಕ್ಕೊಂದು ಮರೆ ಕಟ್ಟಿಕೊಟ್ಟ. ಪಂಚೆಗಳೂ ಉಳಿದವು. ಹುರುಳಿ ಹರಡಿದ ರಸ್ತೆಯಲ್ಲಿ ಯಾವ ಮೋಟಾರ್ ಸೈಕಲ್ಲು ಬಂದರೂ ನನ್ನ ಕಣ್ಣು ಈಗಲೂ ಮೊದಲು ಹೋಗುವುದು ಸವಾರನ ಮುಖಕ್ಕಲ್ಲ, ಸೈಲೆನ್ಸರಿಗೆ.

ಡಾಕ್ಟರು ಇಂದಿಲ್ಲ, ಅಕ್ಕಯ್ಯಮ್ಮನೂ ಇಲ್ಲ. ಅಂದು ನಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇನ್ನಿಬ್ಬರಿದ್ದಾರೆ. ಮುನಿಯಪ್ಪ, ತನ್ನ ಕೂಗು ಕೇಳಿಯೇ ಡಾಕ್ಟರು ಉಳಿದರೆಂದು ಹೇಳುತ್ತಾನೆ. ಇನ್ನೊಬ್ಬಳು ಗೌರಮ್ಮ. ಕೇಳಿದರೆ ಆಕೆ ಕುಳಿತಲ್ಲಿಂದಲೇ ಬಲಗೈ ಮುಂದೆ ಚಾಚಿ, ಬೆರಳುಗಳನ್ನು ಮೆಲ್ಲಗೆ ತನ್ನತ್ತ ಮಡಿಸುತ್ತಾಳೆ.