ಅಕ್ಕನ ಶೂಗಳಿಗೆ ಪರಸ್ಥಾನ

ಬಂದ ನಾಲ್ಕನೇ ದಿನಕ್ಕೇ ಅಕ್ಕ ದುಬೈಯನ್ನು ಮುಗಿಸಿಬಿಟ್ಟಳು. ಆಕಾಶ ಮುಟ್ಟುವ ಕಟ್ಟಡದ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, "ಹೂಂ, ಎತ್ತರ ಇದೆ" ಅಂದಳು. ಮಾಲಿನೊಳಗೆ ಗಾಜಿನ ಹಿಂದೆ ಈಜುವ ಮೀನುಗಳ ಮುಂದೆ ಆಕಳಿಸಿದಳು. ಅಲ್ ಕುಸೈಸಿನ ನಮ್ಮ ಫ್ಲಾಟಿಗೆ ವಾಪಸು ಬಂದು, ಸೋಫಾದ ಮೇಲೆ ಕಾಲು ಚಾಚಿ, ಮಂಡಿ ನೀವಿಕೊಳ್ಳುತ್ತಾ ಕೇಳಿದಳು: "ಇಲ್ಲಿ ಬೆಟ್ಟದೊಳಗೆ ನೀರು ಕೊರೆದ ಕಂದರ ಇದೆಯಂತಲ್ಲ. ಅದನ್ನ ತೋರಿಸ್ತೀಯಾ?"

ಅಕ್ಕ ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಅವಳ ತರಗತಿಯಲ್ಲಿ ಒಂದು ವರ್ಷ ನಾನೂ ಕೂತಿದ್ದೇನೆ, ತಂಗಿ ಎಂಬ ರಿಯಾಯಿತಿ ಇಲ್ಲದೆ. ಬೋರ್ಡಿನ ಮೇಲೆ ಹತ್ತಿರ ಹತ್ತಿರ ಎರಡು ಡೊಂಕು ಗೆರೆ ಎಳೆದು, ನಡುವೆ ನೀಲಿ ಸೀಮೆಸುಣ್ಣ ಉಜ್ಜಿ, "ಮರಳುಗಾಡಲ್ಲೂ ನೀರು ಬಂಡೆಯನ್ನ ಹೀಗೆ ಸೀಳುತ್ತೆ" ಎಂದು ಹೇಳುತ್ತಿದ್ದಳು. ಪ್ರತಿ ವರ್ಷವೂ ಯಾವುದಾದರೊಂದು ಕಿಲಾಡಿ ಎದ್ದು "ನೀವು ನೋಡಿದ್ದೀರಾ ಮಿಸ್?" ಅನ್ನುತ್ತಿತ್ತು. ಅಕ್ಕ "ಇಲ್ಲ, ಕೂತ್ಕೋ" ಅನ್ನುತ್ತಿದ್ದಳು.

ಈಗ ಅವಳಿಗೆ ಅರವತ್ತನಾಲ್ಕು. ಎರಡೂ ಮಂಡಿ ಸವೆದಿವೆ. ಊರಿಗೆ ಮರಳಿದ ತಿಂಗಳಿಗೇ ಆಪರೇಷನ್ ನಿಗದಿಯಾಗಿತ್ತು, ಆಮೇಲೆ ಕಲ್ಲುಮುಳ್ಳಿನ ದಾರಿಯ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಅಂದರೆ ಈ ವಿಸಿಟ್ ವೀಸಾದ ನಾಲ್ಕು ವಾರದಲ್ಲಿ ನೋಡಿದರೆ ನೋಡಿದ ಹಾಗೆ, ಇಲ್ಲದಿದ್ದರೆ ಇಲ್ಲ. ಅಕ್ಕ ಇದನ್ನೆಲ್ಲ ಸೊಪ್ಪು ಬಿಡಿಸುತ್ತಾ ಹೇಳಿದಳು.

ನನಗೆ ಹುಚ್ಚು ಹಿಡಿಯಿತು. ಒಂದು ಕೆಲಸ ತಲೆಗೆ ಹೊಕ್ಕರೆ ಮನೆಯವರ ನಿದ್ದೆಯನ್ನೂ ಕೆಡಿಸುವ ಪೈಕಿ ನಾನು. ಆಫೀಸಿನಲ್ಲಿ ಎಕ್ಸೆಲ್ ಹಾಳೆಯ ಹಿಂದೆ ಕಂದರದ ವಿಡಿಯೋ ತೆರೆದಿಟ್ಟುಕೊಂಡೆ. ಕಿತ್ತಳೆ ಬಣ್ಣದ ಗೋಡೆಗಳು, ಮೇಲೆ ರಿಬ್ಬನ್ನಿನಷ್ಟೇ ಅಗಲದ ಆಕಾಶ. ನೋಡಿ ನೋಡಿ ನನಗೇ ಅಕ್ಕನಿಗಿಂತ ಹೆಚ್ಚು ಆಸೆಯಾಯಿತು. ಎರಡೇ ದಿನದಲ್ಲಿ ರಾಸ್ ಅಲ್ ಖೈಮಾ ಕಡೆಯ ಬೆಟ್ಟಗಳಿಗೆ ಜನರನ್ನು ಕರೆದೊಯ್ಯುವ ಒಬ್ಬ ಗೈಡನ್ನು ಹುಡುಕಿದೆ. ಫೋನ್ ಎತ್ತಿದವನು ಉಡುಪಿ ಕಡೆಯವನು.

"ನಡೆಯುದು ಹೆಚ್ಚಿಲ್ಲ ಮೇಡಂ," ಅಂದ. "ಆದ್ರೆ ಒಂದೆರಡು ಕಡೆ ಅಡ್ಡ ತಿರುಗಿ ನುಸುಳ್ಬೇಕು. ಹನ್ನೊಂದೂವರೆಯಿಂದ ಒಂದು ಗಂಟೆವರೆಗೆ ಮಾತ್ರ ಬಿಸಿಲು ಒಳಗೆ ಇಳೀತದೆ, ಆ ಹೊತ್ತಿಗೆ ಅಲ್ಲಿರ್ಬೇಕು. ಬೆಟ್ಟದ ಮೇಲೆ ಮೋಡ ಕಂಡ್ರೆ ಖಲಾಸ್, ಒಳಗೆ ನೀರು ನುಗ್ತದೆ, ನಾನು ಕರ್ಕೊಂಡು ಹೋಗುದಿಲ್ಲ. ಅಕ್ಕನವರ ವಯಸ್ಸು ಎಷ್ಟು?"

ಐವತ್ತೆಂಟು ಅನ್ನೋಣವೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಅಕ್ಕ ಫೋನನ್ನೇ ಕಿತ್ತುಕೊಂಡು, "ಅರವತ್ತನಾಲ್ಕಪ್ಪ. ಎರಡೂ ಮಂಡಿ ಸರಿಯಿಲ್ಲ. ನಿಧಾನಕ್ಕೆ ಬರ್ತೀನಿ, ಆಗುತ್ತಾ?" ಅಂದಳು. ಅವನು ಮಂಡಿ ಎಷ್ಟು ಮಡಚುತ್ತದೆಂದು ವಿಚಾರಿಸಿಕೊಂಡ. ಆಮೇಲೆ, "ಹಿಡಿತ ಇರುವ ಮುಚ್ಚಿದ ಶೂ ಇರ್ಬೇಕು. ಚಪ್ಪಲಿ ಹಾಕಿ ಬಂದ್ರೆ ಬಾಗಿಲಿಂದಲೇ ಹಿಂದೆ ಕಳಿಸ್ತೇನೆ, ಬೇಜಾರು ಮಾಡ್ಬಾರ್ದು" ಅಂದ. ಅವನ ಬಳಿ ಖಾಲಿ ಇದ್ದದ್ದು ಒಂದೇ ದಿನ, ಅಕ್ಕ ವಿಮಾನ ಹತ್ತುವ ಭಾನುವಾರದ ಹಿಂದಿನ ಶನಿವಾರ.

ಅಲ್ಲಿಂದ ನಮ್ಮ ಮನೆ ಮದುವೆಮನೆಯಾಯಿತು. ದಿನಾ ಸಂಜೆ ಅಕ್ಕ, ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಳಿದೆವು. ನಾವು ಕೈಕೈ ಹಿಡಿದು ಏದುಸಿರು ಬಿಡುವುದನ್ನು ನೋಡಿ ವಾಚ್‌ಮ್ಯಾನ್ ಲಿಫ್ಟ್ ಕೆಟ್ಟಿದೆ ಎಂದುಕೊಂಡು ರಿಪೇರಿಯವರನ್ನು ಕರೆಸಿದ. ಅಡ್ಡ ತಿರುಗಿ ನುಸುಳುವ ಅಭ್ಯಾಸಕ್ಕೆ ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು. ಅಕ್ಕ ಹೊಟ್ಟೆ ಒಳಗೆಳೆದು ಸಲೀಸಾಗಿ ಆಚೆ ಹೋದಳು. ನಾನು ನಡುವೆ ಸಿಕ್ಕಿಕೊಂಡೆ. ನಮ್ಮೆಜಮಾನರು ಹಾಲಿಗೆಂದು ಬಂದವರು ಫ್ರಿಜ್ಜಿನ ಬಾಗಿಲು ತೆರೆದು, ಹಾಲು ತೆಗೆದುಕೊಂಡು, ಬಾಗಿಲು ಮುಚ್ಚಿ, "ಕಂದರಕ್ಕೆ ನೀನು ಹೋಗ್ತೀಯೋ, ಇಲ್ಲೇ ಇರ್ತೀಯೋ?" ಎಂದು ಕೇಳಿದರು. ಅಕ್ಕ ನಗುತ್ತಾ ನೆಲದ ಮೇಲೇ ಕೂತುಬಿಟ್ಟಳು. ಮಂಡಿ ನೋವಿನವಳನ್ನು ಎಬ್ಬಿಸಲು ನಾನು ಹೊರಗೆ ಬರಬೇಕಿತ್ತು, ನನ್ನನ್ನು ಹೊರಗೆ ಎಳೆಯಲು ಅವಳು ಏಳಬೇಕಿತ್ತು. ಎಜಮಾನರು ಹಾಲು ಪೂರ್ತಿ ಕುಡಿದು ಮುಗಿಸಿ ಆಮೇಲೆ ಇಬ್ಬರನ್ನೂ ಬಿಡಿಸಿದರು.

ಶೂ ಕೊಂಡೆವು, ಇಬ್ಬರಿಗೂ ಒಂದೊಂದು ಜೊತೆ. ಜೀವಮಾನವಿಡೀ ಚಪ್ಪಲಿ ಮೆಟ್ಟಿದ ಅಕ್ಕ ಹೊಸ ಶೂ ಹಾಕಿಕೊಂಡು ಹಾಲಿನಲ್ಲಿ ಎರಡು ಸುತ್ತು ಪೆರೇಡ್ ಮಾಡಿದಳು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ನಾನು ಕ್ಯಾಲೆಂಡರ್ ನೋಡಿದೆ.

ಶನಿವಾರ ಪೂರ್ವಕ್ಕೆ ವಾರಶೂಲೆ. ಆ ದಿನ ಆ ದಿಕ್ಕಿಗೆ ಪ್ರಯಾಣ ಹೋಗಬಾರದು. ಬೆಟ್ಟಗಳಿರುವುದು ಪೂರ್ವಕ್ಕೇ.

"ಸೋಮವಾರಾನೂ ಪೂರ್ವಕ್ಕೆ ಹೋಗ್ಬಾರ್ದು ತಾನೇ? ನಿನ್ನ ಆಫೀಸ್ ಯಾವ ದಿಕ್ಕಲ್ಲಿದೆ?" ಎಂದು ಎಜಮಾನರು ಕೇಳಿದರು.

"ಅದು ಡ್ಯೂಟಿ. ಇದು ಪ್ರಯಾಣ. ಅಕ್ಕನ ಕಾಲಿನ ವಿಷಯ ಬೇರೆ. ನೀವು ಸುಮ್ನಿರಿ."

ಬೇರೆ ದಿನ ಇರಲಿಲ್ಲ. ಆದರೆ ನಮ್ಮಮ್ಮ ಕಲಿಸಿದ ಉಪಾಯ ಇತ್ತಲ್ಲ, ಪರಸ್ಥಾನ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ಹೋಗುವವರ ಒಂದು ವಸ್ತುವನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಪ್ರಯಾಣ ಅವತ್ತೇ ಶುರುವಾದ ಲೆಕ್ಕ. ಹೊರಡುವಾಗ ಅದನ್ನು ಎತ್ತಿಕೊಂಡು ಹಾಗೇ ಮುಂದೆ ಹೋಗಬೇಕು, ಮನೆಯೊಳಗೆ ವಾಪಸು ತರಬಾರದು, ಸೇರುವ ಜಾಗ ಸೇರುವವರೆಗೆ ಗಂಟು ಬಿಚ್ಚಬಾರದು. ಅಕ್ಕನಿಗೆ ಹೇಳಿದರೆ ಕಿವಿ ಹಿಂಡುತ್ತಾಳೆ. ಅವಳಿಗೆ ರಾಹುಕಾಲವೂ ಇಲ್ಲ, ಗುಳಿಕಕಾಲವೂ ಇಲ್ಲ, ಇರುವುದು ಸ್ಥಳೀಯ ಕಾಲ ಮತ್ತು ಗ್ರೀನ್‌ವಿಚ್ ಕಾಲ. ಅದಕ್ಕೇ ಗುಟ್ಟಾಗಿ, ಗುರುವಾರ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ, ಒಂದು ಹಸಿರು ಬಟ್ಟೆಚೀಲದಲ್ಲಿ ಅಕ್ಕಿ, ಅರಿಶಿನದ ಕೊನೆ, ಎರಡು ಅಡಿಕೆ ಹಾಕಿ, ಅವುಗಳ ಜೊತೆ ಅವಳ ಶೂಗಳನ್ನೇ ಇಟ್ಟೆ. ಪಾದರಕ್ಷೆಯ ಪಕ್ಕ ಅಕ್ಕಿ ಅರಿಶಿನ ಇಡುತ್ತಾರೆಯೇ ಎಂಬ ಸಂಶಯ ಬಂತು. ಇನ್ನೂ ಬೀದಿಯ ನೆಲ ಮುಟ್ಟದ ಶೂ ಬಟ್ಟೆಗೆ ಸಮ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ನಡೆಯಬೇಕಾದದ್ದು ಕಾಲು, ರಕ್ಷಣೆ ಬೇಕಾದದ್ದೂ ಕಾಲಿಗೆ.

ಎದುರು ಫ್ಲಾಟಿನಲ್ಲಿರುವವಳು ಪುತ್ತೂರಿನವಳು. ಗಂಡನಿಗೆ ರುವೈಸಿನ ರಿಫೈನರಿಯಲ್ಲಿ ಕೆಲಸ. ದುಬೈಯಿಂದ ಪಶ್ಚಿಮಕ್ಕೆ ಮೂರು ಮೂರೂವರೆ ಗಂಟೆಯ ದಾರಿ. ವಾರಾಂತ್ಯಕ್ಕೆ ಒಮ್ಮೆ ಅವನು ಇಲ್ಲಿಗೆ, ಒಮ್ಮೆ ಇವಳು ಅಲ್ಲಿಗೆ. "ಪರಸ್ಥಾನವಾ? ಇಡಿ ಅಕ್ಕಾ, ದೇವರ ಮುಂದೆಯೇ ಇಡ್ತೇನೆ" ಅಂದಳು. ಶುಕ್ರವಾರ ಮಧ್ಯಾಹ್ನ ಅವಳಿಂದ ಫೋನ್ ಬಂತು. "ನಾನು ರುವೈಸಿಗೆ ಹೊರಟೆ ಅಕ್ಕಾ. ನಿಮ್ಮ ಚೀಲ ವಾಚ್‌ಮ್ಯಾನ್ ಹತ್ರ ಕೊಟ್ಟಿದ್ದೇನೆ, ಆಯ್ತಾ?" ನನಗೆ ಖುಷಿಯೋ ಖುಷಿ. ಪರಸ್ಥಾನ ತಾನಾಗಿಯೇ ನಾಲ್ಕು ಮಹಡಿ ಇಳಿದು ರಸ್ತೆಗೆ ಹತ್ತಿರ ಬಂದಿತ್ತು. ರಾತ್ರಿ ಅಕ್ಕ "ನನ್ನ ಶೂ ಎಲ್ಲೇ?" ಅಂದಾಗ, "ಎಲ್ಲ ಪ್ಯಾಕ್ ಆಗಿದೆ, ಅಲ್ಲಿಗೆ ಹೋಗಿ ಹಾಕ್ಕೊಳ್ಳುವಿಯಂತೆ" ಎಂದು ಸುಮ್ಮನಾಗಿಸಿದೆ.

ಶನಿವಾರ ಒಂಬತ್ತಕ್ಕೆ ರಾಹುಕಾಲ ಶುರು. ಏಳೂವರೆಗೇ ಎಲ್ಲರನ್ನೂ ಕಾರಿಗೆ ತುಂಬಿ, ವಾಚ್‌ಮ್ಯಾನ್ ಕೈಯಿಂದ ಹಸಿರು ಚೀಲ ಇಸಿದುಕೊಂಡು, ಗಂಟನ್ನು ಮುಟ್ಟದೆ ಡಿಕ್ಕಿಯಲ್ಲಿಟ್ಟೆ. ಮೋಡದ ಸುಳಿವಿಲ್ಲ. ದಾರಿಯುದ್ದಕ್ಕೂ ಅಕ್ಕ ಪಾಠ ಮಾಡಿದಳು, ಸುಣ್ಣಕಲ್ಲು ಯಾವುದು, ಮರಳುಗಲ್ಲು ಯಾವುದು. ನಾನು ಹಿಂದಿನ ಸೀಟಿನಲ್ಲಿ ಎಲ್ಲ ಪ್ರಶ್ನೆಗೂ ತಪ್ಪು ಉತ್ತರ ಕೊಟ್ಟು ಬೈಸಿಕೊಂಡೆ. ಪೆಟ್ರೋಲ್ ಬಂಕಿನಲ್ಲಿ ಕಡಕ್ ಚಹಾ ಕುಡಿದೆವು. ಹತ್ತೂವರೆಗೆ ಬೆಟ್ಟದ ಬುಡದಲ್ಲಿ ಗೈಡ್ ಹೆಲ್ಮೆಟ್ ಹಿಡಿದು ಕಾದಿದ್ದ. ಅವನ ಬೆನ್ನ ಹಿಂದೆ ಬಂಡೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಅಕ್ಕ ಅದನ್ನು ನೋಡುತ್ತಾ ಬಾಯಿ ಮುಚ್ಚುವುದನ್ನೇ ಮರೆತಳು.

"ಯಲ್ಲಾ, ಶೂ ಹಾಕಿ," ಅಂದ ಗೈಡ್, ಅಕ್ಕನ ತಲೆಗೆ ಹೆಲ್ಮೆಟ್ ಇಟ್ಟು.

ಗಂಟು ಬಿಚ್ಚಿದೆ. ಮೊದಲು ಕೈಗೆ ಬಂದದ್ದು ಮಿಡಿ ಉಪ್ಪಿನಕಾಯಿಯ ಬಾಟಲಿ. ಅದರ ಕೆಳಗೆ ಹಲಸಿನ ಹಪ್ಪಳದ ಕಟ್ಟು, ಕುಚ್ಚಲಕ್ಕಿ, ಇಸ್ತ್ರಿ ಮಾಡಿದ ಎರಡು ಲುಂಗಿ. ಇನ್ನೂ ಕೆಳಗೆ ಕೈಯಾಡಿಸಿದೆ, ಚೀಲದ ತಳ ಸಿಕ್ಕಿತು. ನಮ್ಮ ಕಟ್ಟಡದ ಎಲ್ಲ ಮನೆಗಳಲ್ಲೂ ಒಂದೇ ಸೂಪರ್‌ಮಾರ್ಕೆಟ್ಟಿನ ಹಸಿರು ಚೀಲ. ಇದು ಪುತ್ತೂರಿನವಳು ಗಂಡನಿಗೆಂದು ಕಟ್ಟಿದ್ದು.

ಪುತ್ತೂರಿನವಳಿಗೆ ಫೋನ್ ಹಚ್ಚಿದೆ. "ಅಕ್ಕಾ, ನಾನೇ ಫೋನ್ ಮಾಡುವ ಅಂತಿದ್ದೆ," ಅಂದಳು ಅವಳು, ದನಿ ತಗ್ಗಿಸಿ. "ಇವ್ರು ಬೆಳಿಗ್ಗೆ ಚೀಲ ಬಿಚ್ಚಿದ್ದಾರೆ. ಹೆಂಗಸರ ಶೂ, ಅದರ ಒಟ್ಟಿಗೆ ಅರಿಶಿನ, ಅಡಿಕೆ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಹೆದರಿ, ತಿಂಡಿ ಕೂಡ ತಿನ್ನದೆ ಕೂತಿದ್ದಾರೆ."

ಸ್ಪೀಕರಿನಲ್ಲಿ ಇದು ಎಲ್ಲರಿಗೂ ಕೇಳಿಸಿತು. ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಐವತ್ತೆರಡರ ನಾನು ಎಂಟನೇ ಕ್ಲಾಸಿನವಳ ಹಾಗೆ ತಲೆ ತಗ್ಗಿಸಿ ನಿಂತು ಎಲ್ಲ ಒಪ್ಪಿಕೊಂಡೆ.

"ಪರಸ್ಥಾನ ಇಟ್ಯಾ? ನನ್ನ ಶೂಗೆ?" ಅಕ್ಕ ನಗಲು ಶುರುಮಾಡಿದಳು. ಹೆಲ್ಮೆಟ್ ಕಣ್ಣಿನ ಮೇಲೆ ಜಾರುವವರೆಗೆ ನಕ್ಕಳು. ಎಜಮಾನರು ಬೆನ್ನು ತಿರುಗಿಸಿ ನಕ್ಕರು. ಗೈಡ್ ಮಾತ್ರ ಅವಳ ಚಪ್ಪಲಿ ನೋಡುತ್ತಿದ್ದ. "ಕ್ಷಮಿಸಿ ಅಮ್ಮ," ಅಂದ. "ಒಳಗೆ ಜಾರ್ತದೆ. ಮಂಡಿ ಬೇರೆ ಸರಿ ಇಲ್ಲ. ನಾನು ಬಿಡುದಿಲ್ಲ."

ಅಕ್ಕನ ನಗು ನಿಂತಿತು. "ಹೋಗ್ಲಿ ಬಿಡು. ಬಾಗಿಲವರೆಗೆ ಬಂದಾಯ್ತಲ್ಲ," ಅಂದು ಹೆಲ್ಮೆಟ್ ತೆಗೆದು ಒಂದು ಕಲ್ಲಿನ ಮೇಲೆ ಕೂತಳು. ಸೀಳಿನ ಕಡೆ ನೋಡಲಿಲ್ಲ, ಕೈಲಿದ್ದ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತಿದ್ದಳು. ನನಗೆ ಅಳು ಬಂತು. ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ ಆ ಉಪ್ಪಿನಕಾಯಿ ಬಾಟಲಿಯನ್ನು ಬಂಡೆಗೆ ಅಪ್ಪಳಿಸಬೇಕೆನಿಸಿತು. ಅದರ ಬದಲು ನೆಲದ ಮೇಲೆ ಕೂತು ನನ್ನ ಲೇಸುಗಳನ್ನು ಬಿಚ್ಚಿದೆ. ಅಪ್ಪನಿಂದ ಬಂದ ಅಗಲ ಪಾದ ನಮ್ಮಿಬ್ಬರಿಗೂ ಒಂದೇ.

"ನೀನು?" ಅಂದಳು ಅಕ್ಕ.

"ನಾನು ಇದೇ ದೇಶದಲ್ಲಿರೋಳು. ಇನ್ನೊಂದ್ಸಲ ಬರ್ತೀನಿ. ಬಂಡೆ ಏನು ಎದ್ದು ಹೋಗುತ್ತಾ? ಕಾಲು ಕೊಡು."

"ವಿಡಿಯೋ ನೋಡಿ ನೋಡಿ ಕುಣೀತಿದ್ದೋಳು ನೀನು."

"ಕಾಲು ಕೊಡು ಅಂದೆ."

ಲೇಸು ಕಟ್ಟಿದೆ, ಎರಡೆರಡು ಗಂಟು ಹಾಕಿ. ಮುಂದೆ ಗೈಡ್, ಹಿಂದೆ ಎಜಮಾನರು, ನಡುವೆ ಅಕ್ಕ, ಹೀಗೆ ಮೂವರೂ ಸೀಳಿನೊಳಗೆ ಹೋದರು. ನಾನು ಅಕ್ಕನ ಚಪ್ಪಲಿ ಮೆಟ್ಟಿಕೊಂಡು ನೆರಳಲ್ಲಿ ಕೂತೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಬಹಳ ಹೊತ್ತು ಅವಳ ಪಾಠದ ದನಿ ಒಳಗಿನಿಂದ ಕೇಳುತ್ತಿತ್ತು, ಗೈಡಿಗೇ ಕಲಿಸುತ್ತಿದ್ದಳು. ಆಮೇಲೆ ದನಿ ನಿಂತುಹೋಯಿತು. ಅಕ್ಕ ಸುಮ್ಮನಾಗುವುದು ನಿದ್ದೆಯಲ್ಲಿ ಮಾತ್ರ. ಬಿದ್ದಳೇನೋ ಎಂದು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ.

ಹನ್ನೆರಡೂ ಮುಕ್ಕಾಲಿಗೆ ಅವರು ಹೊರಗೆ ಬಂದರು. ಅಕ್ಕ ನೆಟ್ಟಗೆ, ನಿಧಾನವಾಗಿ ನಡೆದು ಬಂದಳು. ಒಂದು ಕೆನ್ನೆಯ ತುಂಬ ಮಣ್ಣು. "ಗೋಡೆಗೆ ಕೆನ್ನೆ ಇಟ್ಟು ನಿಂತುಬಿಟ್ರು ಕಣೆ," ಎಂದು ಎಜಮಾನರು ಪಿಸುಗುಟ್ಟಿದರು. ನಾನು "ಹೇಗಿತ್ತು, ಹೇಗಿತ್ತು?" ಎಂದು ಕೈ ಹಿಡಿದು ಅಲ್ಲಾಡಿಸಿದೆ. ನೀರು ಕೊಟ್ಟೆ, ಕುಡಿದಳು.

"ಮೂವತ್ತು ವರ್ಷ ಹೇಳ್ಕೊಟ್ಟೆ," ಅಂದಳು ಕೊನೆಗೆ. "ನೀರು ಕಲ್ಲನ್ನ ಕೊರೆಯುತ್ತೆ, ಪರೀಕ್ಷೆಗೆ ಬರುತ್ತೆ, ಬರ್ಕೊಳ್ಳಿ ಅಂತ. ಹೇಳೋವಾಗ ನಾನೇ ನಂಬಿರಲಿಲ್ಲ ಕಣೆ. ನೀರು ಹೇಗೆ ಕೊರೆಯುತ್ತೆ, ಸುಮ್ನೆ ಪುಸ್ತಕದಲ್ಲಿದೆ ಅಂತ ಹೇಳ್ತಿದ್ದೆ. ಯಾರ ಹತ್ರಾನೂ ಹೇಳಿರಲಿಲ್ಲ ಇದನ್ನ."

ನಾನು ಅವಳ ಮುಖ ನೋಡಿದೆ. ಅವಳಿಗೆ ಕಣ್ಣು ತುಂಬಿತ್ತು, ನಗೂ ಬರುತ್ತಿತ್ತು. ಆಮೇಲೆ ಬಗ್ಗಿ ಲೇಸಿನ ಗಂಟುಗಳ ಜೊತೆ ಗುದ್ದಾಡಿ, ಶೂ ಕಿತ್ತು ನನ್ನ ಮಡಿಲಿಗೆ ಹಾಕಿದಳು.

"ಇನ್ನು ಕಾಲು ಗಂಟೆ ಬಿಸಿಲಿದೆಯಂತೆ. ಮೊದಲನೇ ತಿರುವಿನವರೆಗೆ ಈ ಹುಡುಗ ಕರ್ಕೊಂಡು ಹೋಗ್ತಾನೆ, ಕೇಳಿದ್ದೀನಿ. ಓಡು. ನಾನು ಹೇಳಿದೆ ಅಂತ ನಂಬಬೇಡ."